ಮೇಲಿನ ಹಲಗೆಯ ಕೆಂಪು ಪುಸ್ತಕ

ಬೇಸಿಗೆ ರಜ ಬಂತೆಂದರೆ ನನಗೆ ಕುತ್ತಿಗೆ ನೋವು ಶುರುವಾಗುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನ ಆಫೀಸಿನಲ್ಲಿರುವ ಮಗ ತನ್ನ ಮೂರು ಮಕ್ಕಳನ್ನು ತರೀಕೆರೆಯ ನಮ್ಮ ಮನೆಗೆ ತಂದು ಬಿಟ್ಟು, "ಅಮ್ಮಾ, ಇವಕ್ಕೆ ಏನಾದ್ರೂ ಓದೋಕೆ ಕೊಡು, ಇಲ್ದಿದ್ರೆ ಬಿಸಿಲಲ್ಲಿ ಅಲೀತಾವೆ" ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾನೆ. ಆಮೇಲೆ ನಾನು ಪುಸ್ತಕದ ಬೀರುವಿನ ಮುಂದೆ ನಿಂತು ತಲೆಯೆತ್ತಿ ಹಲಗೆ ಹಲಗೆಯನ್ನೂ ನೋಡಬೇಕು. ಮೊದಲೇ ಗಿಡ್ಡಿ, ಈಗ ವಯಸ್ಸಾಗಿ ಇನ್ನಷ್ಟು ಕುಗ್ಗಿದ್ದೇನೆ. ಹೋದ ವರ್ಷ ನನಗೆ ಎಟಕುತ್ತಿದ್ದ ಉಪ್ಪಿನಕಾಯಿ ಭರಣಿ ಈ ವರ್ಷ ಎಟಕುವುದಿಲ್ಲ. ಹೋದ ಸಲ ಬಂದಿದ್ದಾಗ ಸೊಸೆ ಬೇಕೆಂದೇ ಮೇಲಿಟ್ಟಿದ್ದಾಳೆ ಎಂದು ನನಗೊಂದು ಅನುಮಾನವೂ ಇದೆ, ಇರಲಿ.

ಮೂರು ಮಕ್ಕಳಿಗೆ ಪುಸ್ತಕ ಆರಿಸುವುದು ಮೂರು ಬಾಯಿಗೆ ಒಂದೇ ಸಾರು ಮಾಡಿದಷ್ಟು ಸುಲಭವಲ್ಲ. ಕಿರಿಯವನು ಗುಂಡನಿಗೆ ಚಿತ್ರ ಬೇಕು, ಚಿತ್ರದಲ್ಲಿ ಆನೆ ಬೇಕು. ನಡುವಿನವನು ರಾಮುವಿಗೆ ಕಳ್ಳರಿಲ್ಲದ ಕತೆ ಕತೆಯೇ ಅಲ್ಲ. ದೊಡ್ಡವಳು ಶಾರದೆಗೆ ನಾನು ಯಾವುದನ್ನು ಬೇಡ ಎನ್ನುತ್ತೇನೋ ಅದೇ ಬೇಕು. ಎದುರುಮನೆಯ ಮೇಷ್ಟರು ಜಗಲಿಯ ಮೇಲೆ ಕೂತು, "ವಯಸ್ಸಿಗೆ ತಕ್ಕ ಪುಸ್ತಕ ಕೊಡಬೇಕು ಕಣ್ರಮ್ಮ" ಎಂದು ಬುದ್ಧಿ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಹಿಮ್ಮಡಿಗಳು ತಾವಾಗಿಯೇ ನೆಲಕ್ಕೆ ಒತ್ತಿಕೊಳ್ಳುತ್ತವೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಕಡೂರಿಗೆ ಕರೆದುಕೊಂಡು ಹೋಗಬೇಕು. ಅದೂ ಈಗಿನ ಕಡೂರಿಗಲ್ಲ, ಮಹಾರಾಜರ ಪಟಕ್ಕೆ ದಿನಾ ಹೂವು ಏರಿಸುತ್ತಿದ್ದ ಕಾಲದ ಕಡೂರಿಗೆ.

ನಾನು ಹುಟ್ಟಿ ಬೆಳೆದದ್ದು ಅಜ್ಜಂಪುರದಲ್ಲಿ. ಬೇಸಿಗೆ ಬಂದ ಕೂಡಲೇ ನಮ್ಮಪ್ಪ ನನ್ನನ್ನು ರೈಲು ಹತ್ತಿಸಿ, ಕಡೂರಿನಲ್ಲಿದ್ದ ತಾತನ ಮನೆಗೆ ಕರೆತರುತ್ತಿದ್ದರು. ಕಪ್ಪು ಮಣ್ಣಿನ ಹೊಲಗಳು ಬಿರುಕು ಬಿಟ್ಟು ಬಾಯ್ದೆರೆದುಕೊಂಡಿರುತ್ತಿದ್ದವು. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಇದ್ದಿಲ ಪುಡಿ ಕಣ್ಣಿಗೆ ಬೀಳುತ್ತಿತ್ತು, ಹಾಕದಿದ್ದರೆ ಪ್ರಯಾಣ ಮಾಡಿದ ಹಾಗೇ ಆಗುತ್ತಿರಲಿಲ್ಲ. ಬೀರೂರಿನಲ್ಲಿ ಗಾಡಿ ತುಂಬ ಹೊತ್ತು ನಿಲ್ಲುತ್ತಿತ್ತು. ಅಲ್ಲಿ ತರೀಕೆರೆ ಕಡೆಯ ಗಾಡಿಯಿಂದ ಇಳಿದ ನನ್ನ ಚಿಕ್ಕಮ್ಮನ ಮಗ ಶಾಮಣ್ಣ ನಮ್ಮ ಜೊತೆ ಸೇರುತ್ತಿದ್ದ. ಕಡೂರಿನಲ್ಲಿ ಇಳಿಯುವ ಹೊತ್ತಿಗೆ ನಾವಿಬ್ಬರೂ ಮಸಿ ಬಳಿದ ಕೋತಿಗಳ ಹಾಗೆ ಆಗಿರುತ್ತಿದ್ದೆವು. ಅಜ್ಜಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ.

ತಾತ ಶೇಕದಾರರಾಗಿದ್ದು ನಿವೃತ್ತರಾದವರು. ತಾಲ್ಲೂಕು ಕಚೇರಿ ಬಿಟ್ಟು ಬಂದಿದ್ದರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ತೋಟದ ತೆಂಗಿನಕಾಯಿ ಇಳಿಸುವುದಕ್ಕೂ ಕಾಯಿದೆ, ಮಜ್ಜಿಗೆಗೆ ಒಗ್ಗರಣೆ ಹಾಕುವುದಕ್ಕೂ ಕಾಯಿದೆ. ಪಡಸಾಲೆಯ ದಪ್ಪ ಗೋಡೆಯೊಳಗೆ ಒಂದು ಬೀರು ಇತ್ತು. ಅದಕ್ಕೆ ಮೂರು ಹಲಗೆ. ಮೊಮ್ಮಕ್ಕಳಿಗೆ ಓದಲು ಪುಸ್ತಕ ಕೊಡುವುದಕ್ಕೆ ತಾತ ಮಾಡಿದ ಕಾಯಿದೆ ಏನು ಗೊತ್ತೇ? ವಯಸ್ಸಲ್ಲ, ತರಗತಿಯಲ್ಲ. ಎತ್ತರ. ಕೆಳಗಿನ ಹಲಗೆಯಲ್ಲಿ ಕಾಗೆ ಗುಬ್ಬಿಯ ಕತೆಗಳು, ನಡುವಿನ ಹಲಗೆಯಲ್ಲಿ ರಾಜರು, ಯುದ್ಧಗಳು, ದೇಶ ನೋಡಿ ಬಂದವರ ಪ್ರಸಂಗಗಳು, ಮೇಲಿನ ಹಲಗೆಯಲ್ಲಿ ದೊಡ್ಡ ದೊಡ್ಡ ಕಾದಂಬರಿಗಳು. ಹಿಮ್ಮಡಿ ಎತ್ತದೆ ನಿಂತು, ಕೈ ಚಾಚಿ, ಯಾವ ಹಲಗೆಯ ಪುಸ್ತಕ ಹಿಡಿಯಬಲ್ಲಿರೋ ಆ ಬೇಸಿಗೆಗೆ ನಿಮ್ಮ ಓದು ಅಲ್ಲಿಯವರೆಗೆ.

"ದೇವರು ಸುಮ್ಮನೆ ಬೆಳೆಸ್ತಾನೇನೇ? ಮೈ ಎಲ್ಲಿಗೆ ಬೆಳೆದಿದೆಯೋ ಬುದ್ಧೀನೂ ಅಲ್ಲಿಗೇ ಬೆಳೆದಿರುತ್ತೆ" ಎಂಬುದು ತಾತನ ವಾದ. ಇಂಥ ವಾದಕ್ಕೆ ಯಾರು ತಾನೇ ಎದುರಾಡುತ್ತಾರೆ? ಅಜ್ಜಿಯೊಬ್ಬಳು ಮಾತ್ರ ಸಂಡಿಗೆ ಹಿಟ್ಟು ಕಲಸುತ್ತಾ, "ಹಂಗಾದ್ರೆ ನಮ್ಮ ತೆಂಗಿನಮರಕ್ಕೆ ಅಮಲ್ದಾರಿಕೆ ಕೊಡ್ಸಿ" ಎಂದು ಅಡಿಗೆಮನೆಯಿಂದಲೇ ಹೇಳುತ್ತಿದ್ದಳು.

ರಜದ ಮೊದಲ ದಿನ ಪರೀಕ್ಷೆ. ತಾತ ನಮ್ಮ ಹಿಮ್ಮಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯ ಒಂದು ಚೂರು ಇಡುತ್ತಿದ್ದರು. ನಾವು ಕೈ ಚಾಚಿದಾಗ ಬಗ್ಗಿ ಆ ಚೂರನ್ನು ಎಳೆಯುತ್ತಿದ್ದರು. ಚೂರು ಸಲೀಸಾಗಿ ಬಂತೋ, ಕಳ್ಳತನ ಸಿಕ್ಕಿತು. ಹರಿಯಿತೋ, ಪ್ರಾಮಾಣಿಕರು. ಶಾಮಣ್ಣ ನನಗಿಂತ ಚಿಕ್ಕವನು, ಆದರೆ ಅವನ ಅಪ್ಪನ ಕಡೆಯವರೆಲ್ಲ ಬಿದಿರು ಗಳುವಿನ ಹಾಗೆ ಉದ್ದ. ಅವನು ಕೈಯೆತ್ತಿದರೆ ಸಾಕು, ಮೇಲಿನ ಹಲಗೆಗೆ ಬಡಿಯುತ್ತಿತ್ತು. ಅವನು ಕಾದಂಬರಿಯೊಂದನ್ನು ಗಂಭೀರವಾಗಿ ತೆಗೆದುಕೊಂಡು ಹೋಗಿ ಹುಣಿಸೆಮರದ ಕೆಳಗೆ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ. ನಾನು ಕೈಗೆ ಸಿಕ್ಕ ಪಂಚಾಂಗ, ಪೊಟ್ಟಣ ಕಟ್ಟಿ ಬಂದ ಕಾಗದ, ಬೆಂಕಿಪೆಟ್ಟಿಗೆಯ ಮೇಲಿನ ಬರಹ, ಎಲ್ಲವನ್ನೂ ಓದಿ ಮುಗಿಸಿದವಳು. ನನ್ನ ಕೈ ನಡುವಿನ ಹಲಗೆಯ ಅಂಚಿಗೇ ನಿಂತುಬಿಡುತ್ತಿತ್ತು. ಅಲ್ಲಿದ್ದ ರಾಜರೆಲ್ಲ ನನಗೆ ಬಾಯಿಪಾಠವಾಗಿ, ಅವರು ಸತ್ತರೂ ಅಳು ಬಾರದ ಹಾಗೆ ಆಗಿಹೋಗಿತ್ತು.

ಮೇಲಿನ ಹಲಗೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಪುಸ್ತಕವಿತ್ತು. ಅದರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಊಟಕ್ಕೆ ಕೂತಾಗಲೂ ಅದು ಕಾಣುವ ಜಾಗ ನೋಡಿ ಎಲೆ ಹಾಕಿಸಿಕೊಳ್ಳುತ್ತಿದ್ದೆ. ಬೆಳೆಯಲೆಂದು ತೆಂಗಿನ ತೋಟದ ಗೇಟಿಗೆ ಜೋತುಬೀಳುತ್ತಿದ್ದೆ. ಕೈಯಲ್ಲಿ ಬೊಕ್ಕೆ ಬಂತೇ ಹೊರತು ಎತ್ತರ ಬರಲಿಲ್ಲ.

ಆಗ ನನ್ನ ಪಾಲಿಗೆ ಜೈಬು ಬಂದಳು.

ಹಿಂದಿನ ಬೀದಿಯಲ್ಲಿ ಕೊಬ್ಬರಿ ವ್ಯಾಪಾರದ ಸಾಬರೊಬ್ಬರಿದ್ದರು. ನಮ್ಮ ತೋಟದ ಕಾಯಿ ಅವರ ಮಂಡಿಗೇ ಹೋಗುತ್ತಿದ್ದದ್ದು. ಜೈಬುನ್ನೀಸಾ ಅವರ ಮಗಳು. ನನ್ನದೇ ವಯಸ್ಸು, ಆದರೆ ನಾನು ಅವಳ ಮೊಣಕೈಯ ಹತ್ತಿರ ನಿಲ್ಲುತ್ತಿದ್ದೆ. ಮನೆಯಲ್ಲಿ ಅವರ ಮಾತು ದಖನಿ ಉರ್ದು, ಬೀದಿಗೆ ಬಂದರೆ ಅವಳ ಕನ್ನಡಕ್ಕೆ ಕಡೂರು ಸಂತೆಯೇ ತಲೆದೂಗಬೇಕು. ಕನ್ನಡ ಅಕ್ಷರ ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿ ಅವಳಿಗೂ ಮಜ್ಜಿಗೆ ಕೊಡುತ್ತಿದ್ದಳು. ಆ ಲೋಟ ಜಗಲಿಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಆಗ ನಮಗ್ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಆ ಲೋಟ ನೆನಪಾದರೆ ನನಗೆ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಒಂದು ಮಧ್ಯಾಹ್ನ ನಾನು ಬೀರುವಿನ ಮುಂದೆ ಕೈ ಚಾಚಿಕೊಂಡು ನಿಂತಿದ್ದೆ. ತಾತ ಆರಾಮ ಕುರ್ಚಿಯಲ್ಲಿ ಬೀಸಣಿಗೆ ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಜೈಬು ಬಂದವಳು ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಏನೇ ಗಿಡ್ಡಿ, ಯಾವ್ದು ಬೇಕು?"

"ಕೆಂಪುದು. ಆದ್ರೆ ಎಟಕಿದವರೇ ಓದ್ಬೇಕು ಕಣೇ."

"ನಂಗೆ ಎಟಕ್ತದೆ, ಓದಕ್ಕೆ ಬರಲ್ಲ. ನಿಂಗೆ ಓದಕ್ಕೆ ಬತ್ತದೆ, ಎಟಕಲ್ಲ" ಎಂದು ಅವಳು ಸ್ವಲ್ಪ ಯೋಚಿಸಿದಳು. "ಹಂಗಾದ್ರೆ ನಾನು ತಗೀತೀನಿ, ನನ್ ಪರವಾಗಿ ನೀನು ಓದು."

ಹಿಮ್ಮಡಿಯನ್ನು ಕೂದಲೆಳೆಯಷ್ಟೂ ಎತ್ತದೆ ಅವಳು ಆ ಕೆಂಪು ಪುಸ್ತಕವನ್ನು ಇಳಿಸಿ ನನ್ನ ಕೈಗಿಟ್ಟಳು. ಗೊರಕೆ ನಿಂತಿತು. ನಾವಿಬ್ಬರೂ ಕಲ್ಲಾದೆವು. ತಾತ ಕಣ್ಣು ಬಿಟ್ಟು ಪುಸ್ತಕ ನೋಡಿದರು, ಜೈಬುವಿನ ಪಾದ ನೋಡಿದರು, ಆಮೇಲೆ ಮಾಡಿನ ತೊಲೆಗಳನ್ನು ಬಹಳ ಹೊತ್ತು ನೋಡಿದರು.

"ಎಟಕಿದವಳು ತೆಗೆದಿದ್ದಾಳೆ. ಓದಿ ಕೇಳಿಸಬಾರದು ಅಂತ ನಾನು ಕಾಯಿದೆ ಮಾಡಿಲ್ಲ" ಎಂದು ಕೊನೆಗೆ ತೀರ್ಪು ಕೊಟ್ಟರು. "ಆದ್ರೆ ಒಂದು. ತೆಗೆಯೋಳೂ ಅವಳೇ, ಮೇಲಿಡೋಳೂ ಅವಳೇ. ಅವಳು ಬರದ ದಿನ ಪುಸ್ತಕ ಮುಟ್ಟೋ ಹಾಗಿಲ್ಲ."

ಅಂದಿನಿಂದ ನಾನು ಅವಳನ್ನು ಏಣಿ ಎಂದು ಕರೆಯುತ್ತಿದ್ದೆ. ಅಜ್ಜಿಯೂ, "ಲೇ, ನಿನ್ನ ಏಣಿ ಬಂದ್ಲು ನೋಡು" ಅನ್ನತೊಡಗಿದಳು. ಪಡಸಾಲೆಯ ಕಂಬಕ್ಕೆ ಇಬ್ಬರೂ ಒರಗಿ ಕೂರುತ್ತಿದ್ದೆವು. ನಾನು ಓದುವುದು, ಅವಳು ಕೇಳುವುದು. ಕೇಳುವುದು ಎಂದರೆ ಸುಮ್ಮನೆ ಕೂತು ಕೇಳುವ ಪೈಕಿಯಲ್ಲ. "ಅವ್ನು ಸುಳ್ಳು ಹೇಳ್ತವ್ನೆ ನೋಡು", "ಅವ್ಳಿಗೆ ಊಟ ಹಾಕಿದ್ರಾ ಇಲ್ವಾ, ಬರ್ದಿಲ್ವಾ?" ಎಂದು ಕತೆಯೊಳಗೇ ಇಳಿದು ಜಗಳಕ್ಕೆ ನಿಲ್ಲುತ್ತಿದ್ದಳು. ಆ ಪ್ರಶ್ನೆಗಳಿಂದ ನಾನು ಓದುವುದನ್ನು ಕಲಿತೆ ಎಂದರೆ ತಪ್ಪಲ್ಲ. ಅಲ್ಲಿಯವರೆಗೆ ನಾನು ಅಕ್ಷರಗಳನ್ನು ಬಕಬಕನೆ ನುಂಗುತ್ತಿದ್ದೆ, ಅಷ್ಟೇ.

ಕತೆ ಒಬ್ಬ ಹೆಂಗಸಿನದು. ವ್ಯಾಪಾರಕ್ಕೆಂದು ಹೋಗಿ ಮರಳದ ಗಂಡನನ್ನು ಹುಡುಕಿಕೊಂಡು ಗಂಡುವೇಷದಲ್ಲಿ ಕುದುರೆ ಹತ್ತಿ ಹೊರಟಿದ್ದಾಳೆ. ದಾರಿಯುದ್ದಕ್ಕೂ ಕಾಡು, ಕಳ್ಳರು, ಹೊಳೆ. ಜೈಬು ದಿನಾ ಮನೆಗೆ ಹೋಗುವಾಗ, "ನಾಳೆ ಆ ಕುದುರೆಗೆ ನೀರು ಕುಡಿಸ್ತಾಳೋ ಇಲ್ವೋ, ಪಾಪ" ಅನ್ನುತ್ತಿದ್ದಳು. ರಜ ಮುಗಿಯುವ ಮುಂಚೆ ಪುಸ್ತಕ ಮುಗಿಯದಿದ್ದರೆ ಎಂದು ನಾನು ಒಂದು ಕಡೆ ಹೆದರಿದರೆ, ಮುಗಿದುಬಿಟ್ಟರೆ ನಾಳೆಯಿಂದ ಏನು ಎಂದು ಇನ್ನೊಂದು ಕಡೆ ಹೆದರುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆ ಯಾವತ್ತೂ ಹೆದರಿಲ್ಲ.

ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಬಂದಾಗ ಕೈತುಂಬ ಮದರಂಗಿ ಇತ್ತು.

"ದಾವಣಗೆರೇಲಿ ನಿಕಾ ಮಾಡ್ತಾರಂತೆ. ಹತ್ತಿ ವ್ಯಾಪಾರದೋರಂತೆ. ಇವತ್ತೇ ಸಂಜೆ ಗಾಡಿಗೆ ಹೋಗೋದು. ಬೇಗ ಓದೇ" ಎಂದಳು.

ಆ ಕಾಲದಲ್ಲಿ ನಮ್ಮ ವಯಸ್ಸಿನವರಿಗೆ ಮದುವೆಯೆಂದರೆ ಜ್ವರ ಬಂದಷ್ಟೇ ಸಾಮಾನ್ಯ. ಪುಸ್ತಕ ತೆಗೆದಳು, ನಾನು ಓದಿದೆ. ಹೆಂಗಸು ಬಾಯಾರಿ ಒಂದು ಹಾಳು ಕೋಟೆಯ ಬಾವಿಯ ಹತ್ತಿರ ಬರುತ್ತಾಳೆ. ಹಗ್ಗಕ್ಕೆ ತಂಬಿಗೆ ಕಟ್ಟಿ ಒಳಗೆ ಬಿಡುತ್ತಾಳೆ. ನೀರಿಗೆ ತಾಗಿದ ಸದ್ದೇ ಇಲ್ಲ. ಮೇಲಕ್ಕೆ ಎಳೆಯಬೇಕು ಅನ್ನುವಷ್ಟರಲ್ಲಿ ಬಾವಿಯೊಳಗಿನಿಂದ ಯಾರೋ ಹಗ್ಗವನ್ನು ಕೆಳಕ್ಕೆ ಎಳೆಯುತ್ತಾರೆ. ಅಲ್ಲಿಗೆ ಅಧ್ಯಾಯ ಮುಗಿದಿತ್ತು.

"ಯಾರೇ ಅದು?" ಎಂದು ಜೈಬು ನನ್ನ ತೋಳು ಹಿಡಿದಳು. ನಾನು ಹಾಳೆ ತಿರುಗಿಸಬೇಕು ಅನ್ನುವಷ್ಟರಲ್ಲಿ ಹಿತ್ತಿಲ ಗೋಡೆಯ ಆಚೆಯಿಂದ ಅವಳ ಅಮ್ಮಿ ಕೂಗಿದರು. ಎತ್ತಿನಗಾಡಿ ಕಟ್ಟಿಯಾಗಿತ್ತು. ಜೈಬು ತನ್ನ ಓಢಣಿಯ ಅಂಚಿನಿಂದ ಒಂದು ಹಸಿರು ನೂಲು ಕಿತ್ತು ಆ ಹಾಳೆಯ ನಡುವೆ ಇಟ್ಟಳು.

"ಮುಂದೆ ಓದ್ಬೇಡ. ನಿಕಾ ಆದ್ಮೇಲೆ ಅಮ್ಮಿ ಮನೆಗೆ ಬಂದೇ ಬತ್ತೀನಿ. ಇಬ್ರೂ ಸೇರಿ ನೋಡೋಣ ಯಾರು ಅಂತ. ಆಣೆ ಹಾಕು."

"ಆಣೆ" ಎಂದೆ.

ಹೊರಡುವ ಆತುರದಲ್ಲೂ ಅವಳು ತಾತನ ಕಾಯಿದೆ ಮುರಿಯಲಿಲ್ಲ. ಪುಸ್ತಕವನ್ನು ಮೇಲಿನ ಹಲಗೆಯಲ್ಲಿ ಅದರ ಜಾಗಕ್ಕೆ ಸೇರಿಸಿ, ಬೆನ್ನನ್ನು ಒಮ್ಮೆ ತಟ್ಟಿ ಓಡಿದಳು. ಆ ಸಂಜೆ ನಾನು ತೋಟದ ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ನನ್ನ ಮುಖ ಬಿಟ್ಟರೆ ಅಲ್ಲಿ ಇನ್ಯಾರೂ ಇರಲಿಲ್ಲ. ಶಾಮಣ್ಣ ಹಿಂದಿನಿಂದ ಬಂದು, "ಅತ್ತು ಅತ್ತು ಬಾವಿ ತುಂಬಿಸ್ಬೇಡ, ಮಳೆಗಾಲ ಬತ್ತೈತೆ" ಎಂದ. ಅವನಿಗೆ ಹೊಡೆದು, ಆಮೇಲೆ ಅವನ ಹೆಗಲ ಮೇಲೇ ಅತ್ತೆ.

ಜೈಬು ಅಮ್ಮಿಯ ಮನೆಗೆ ಬರುವ ಮೊದಲೇ ಅಮ್ಮಿಯ ಮನೆಯೇ ಕಡೂರಿನಿಂದ ಹೋಯಿತು. ಸಾಬರು ಮಂಡಿ ಎತ್ತಿ ಬೀಗರ ಊರಿಗೇ ಹೊರಟರಂತೆ. ಕಾಗದ ಬರೆಯೋಣವೆಂದರೆ ವಿಳಾಸವಿಲ್ಲ. ಇದ್ದರೂ ಏನು, ನನ್ನ ಅಕ್ಷರ ಅವಳಿಗೆ ಬಾರದು, ಅವಳ ಅಕ್ಷರ ನನಗೆ ಬಾರದು.

ಮುಂದಿನ ಬೇಸಿಗೆ ನಾನು ಕಡೂರಿಗೆ ಬಂದು ಬೀರುವಿನ ಮುಂದೆ ನಿಂತೆ. ತಾತ ಹಿಮ್ಮಡಿಯ ಕೆಳಗೆ ಕಾಗದದ ಚೂರಿಟ್ಟರು. ಕೈ ಚಾಚಿದರೆ ಬೆರಳು ಕೆಂಪು ರಟ್ಟಿಗೆ ತಗುಲಿತು! ಗೇಟಿಗೆ ಜೋತುಬಿದ್ದ ಫಲ ತಡವಾಗಿ ಬಂದಿತ್ತು. ತಾತ ಎಳೆದಾಗ ಕಾಗದ ಹರಿಯಿತು.

"ಭೇಷ್! ತಗೋ" ಎಂದರು.

ನಾನು ಅದರ ಪಕ್ಕದ ಪುಸ್ತಕ ತೆಗೆದುಕೊಂಡೆ.

"ಅದ್ಯಾಕೇ ಕೆಂಪುದು ಬಿಟ್ಟೆ? ಅದಕ್ಕೇ ಅಲ್ವೇನೇ ಇಷ್ಟು ವರ್ಷ ಕುಣಿದದ್ದು?"

"ಆಣೆ ಹಾಕಿದ್ದೀನಿ ತಾತ."

ಆಮೇಲೆ ಯಾರಾದರೂ ಆ ಪುಸ್ತಕಕ್ಕೆ ಕೈ ಹಾಕಿದರೆ ತಾತ, "ಅದು ವ್ಯಾಜ್ಯದಲ್ಲಿದೆ, ಮುಟ್ಟೋ ಹಾಗಿಲ್ಲ" ಎನ್ನುತ್ತಿದ್ದರು. ಇನ್ನೆರಡು ಬೇಸಿಗೆ ಕಳೆದು ನನ್ನನ್ನು ತರೀಕೆರೆಗೆ ಮದುವೆ ಮಾಡಿಕೊಟ್ಟರು. ತಾತನೇ ಆ ಪುಸ್ತಕ ಇಳಿಸಿ, ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟು, "ನಿನ್ನ ಏಣಿ ಎಲ್ಲಾದ್ರೂ ಸಿಕ್ರೆ ಬೇಕಾಗುತ್ತೆ" ಎಂದರು. ಅವರ ಎಲ್ಲ ಕಾಯಿದೆಗಳನ್ನೂ ನಾನು ಆ ಒಂದು ಮಾತಿಗಾಗಿ ಮನ್ನಿಸಿದ್ದೇನೆ.

ಆಮೇಲೆ ಸಂಸಾರ. ಅದನ್ನೆಲ್ಲ ಹೇಳಹೊರಟರೆ ನೀವು ಎದ್ದುಹೋಗುತ್ತೀರಿ. ನನ್ನ ಮಕ್ಕಳು ದೊಡ್ಡವರಾದ ಮೇಲೆ ಒಂದು ಸಲ ಅಜ್ಜಂಪುರಕ್ಕೆ ಹೊರಟು ಬೀರೂರಿನ ಪ್ಲಾಟ್‌ಫಾರಂ ಮೇಲೆ ಗಾಡಿ ಕಾಯುತ್ತಿದ್ದೆ. ಬೆಂಗಳೂರಿನ ಗಾಡಿ ಹೊರಡಲು ತಯಾರಾಗಿ ನಿಂತಿತ್ತು. ನೀರಿನ ನಲ್ಲಿಯ ಹತ್ತಿರ ಬುರ್ಖಾ ತೊಟ್ಟ ಒಬ್ಬ ಹೆಂಗಸು ಕೂಜ ಹಿಡಿದು ನಿಂತಿದ್ದಳು. ಸುತ್ತಲಿದ್ದ ಗಂಡಸರಿಗಿಂತ ಒಂದು ತಲೆ ಎತ್ತರ. ನಾನು ನೋಡುತ್ತಲೇ ನಿಂತೆ. ಅವಳು ತಿರುಗಿದವಳು ಮುಖದ ಪರದೆ ಸರಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನ ಮಟ್ಟಿಗೆ ಅದು ಬಹಳ ದೂರವೇನಲ್ಲ.

"ಲೇ ಗಿಡ್ಡಿ!"

ಅಷ್ಟು ವರ್ಷದ ಮೇಲೆ ಸಿಕ್ಕವರು ಗಂಡ ಹೇಗಿದ್ದಾನೆ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಅವಳು ನನ್ನ ಎರಡೂ ಕೈ ಹಿಡಿದು ಕೇಳಿದ್ದು ಒಂದೇ:

"ಬಾವೀಲಿ ಯಾರೇ ಇದ್ದದ್ದು?"

"ನಂಗೇನು ಗೊತ್ತು? ಆಣೆ ಹಾಕ್ಸಿದ್ದು ನೀನೇ ಅಲ್ವಾ!"

ಅವಳು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. "ಅಯ್ಯೋ ಹುಚ್ಚಿ, ನೀನು ಓದಿರ್ತೀಯ, ಸಿಕ್ಕಾಗ ಕೇಳ್ಬೋದು ಅಂತಿದ್ದೆ. ನಾನು ಈ ದಾರೀಲಿ ಹೋಗೋವಾಗ್ಲೆಲ್ಲ ಅಜ್ಜಂಪುರ ಸ್ಟೇಷನ್ನಲ್ಲಿ ತಲೆ ಹೊರಗೆ ಹಾಕಿ ನಿನ್ನ ಹುಡುಕ್ತಿದ್ದೆ ಕಣೇ."

"ನಾನು ತರೀಕೆರೇಲಿ ಇದ್ದೆ" ಎಂದೆ. ಅವಳು ಇಣುಕುತ್ತಿದ್ದ ಅಷ್ಟೂ ಸಲ ಆ ಪ್ಲಾಟ್‌ಫಾರಂ ಮೇಲೆ ನಾನು ಇರಲಿಲ್ಲ.

"ನನ್ ಮಕ್ಳು ಬಿಡ್ಬೇಕಲ್ಲ, ಆ ಕತೆ ಹೇಳು ಅಂತ" ಎಂದಳು ಜೈಬು. "ಚಿಕ್ಕೋನಿಗೆ ಬಾವೀಲಿ ಮಾತಾಡೋ ಕಪ್ಪೆ ಇತ್ತು ಅಂದೆ. ಅವನಣ್ಣಂಗೆ ಕಪ್ಪೆ ಸಾಲ್ದು, ಕಳ್ಳರ ನಾಯಕ ಅಂದೆ. ದೊಡ್ ಮಗಳು ನಿಕಾಕ್ಕೆ ಮುಂಚೆ ಕೇಳಿದ್ಲು. ಅವಳಿಗೆ, ಅವ್ನೇ ಕಣೇ, ಅವಳು ಹುಡುಕ್ತಿದ್ದ ಗಂಡ, ಅಂದುಬಿಟ್ಟೆ."

ಮೂರು ಹಲಗೆಯ ಬೀರು, ಹಿಮ್ಮಡಿ, ಕಾಗದದ ಚೂರು ಇಟ್ಟುಕೊಂಡು ತಾತ ಮಾಡಲಾಗದ್ದನ್ನು ಇವಳು ಒಂದೇ ಬಾವಿಯಲ್ಲಿ ಮಾಡಿದ್ದಳು. ನಾನು ಅದನ್ನು ಹೇಳಬೇಕೆಂದುಕೊಂಡೆ. ಗಾರ್ಡು ಸೀಟಿ ಊದಿದ. ಅವಳ ಕಡೆಯವರು ಗಾಡಿಯೊಳಗಿನಿಂದ ಕೂಗುತ್ತಿದ್ದರು.

"ಪುಸ್ತಕ ಐತಾ ಇನ್ನೂ?"

"ಐತೆ. ನೂಲೂ ಐತೆ."

"ಬೇಸಿಗೇಲಿ ತರೀಕೆರೆಗೆ ಬತ್ತೀನಿ. ನಾನೇ ತಗೀತೀನಿ, ನೀನು ಓದು." ಗಾಡಿ ಹೊರಟಿತು. ಅಷ್ಟು ಎತ್ತರದವಳು ಕಿಟಕಿಯಿಂದ ಹೊರಗೆ ಚಾಚಿದ ಕೈ ಬಹಳ ದೂರದವರೆಗೆ ಕಾಣುತ್ತಿತ್ತು.

ಅದಾದ ಮೇಲೆ ಎಷ್ಟೋ ಬೇಸಿಗೆಗಳು ಬಂದು ಹೋದವು. ಅವಳು ಬಂದಿಲ್ಲ. ಬರಲಾಗಲಿಲ್ಲವೋ, ಮನೆ ಸಿಕ್ಕಲಿಲ್ಲವೋ. ಬೇರೆ ಏನಾದರೂ ಆಗಿರಬಹುದು ಎಂದು ನಾನು ಯೋಚಿಸುವುದಿಲ್ಲ. ಯೋಚಿಸಲು ಒಪ್ಪುವುದಿಲ್ಲ ಎಂದರೆ ಸರಿ. ಬೇಸಿಗೆಯಲ್ಲಿ ಬೀದಿಯಲ್ಲಿ ಜಟಕಾ ನಿಂತ ಸದ್ದಾದರೆ ಈಗಲೂ ಎದ್ದು ಬಾಗಿಲಿಗೆ ಹೋಗುತ್ತೇನೆ.

ಈ ಸಲ ಮಕ್ಕಳು ಬಂದ ಮೂರನೆಯ ದಿನವೇ ಶಾರದೆ ನಾನು ಕೊಟ್ಟ ಪುಸ್ತಕಗಳನ್ನೆಲ್ಲ ಮುಗಿಸಿದಳು. ಅವಳು ಯಾರನ್ನು ಹೋತಳೋ, ನಮ್ಮ ಮನೆಗೆಲ್ಲ ಎತ್ತರ. ಮಧ್ಯಾಹ್ನ ನಾನು ಸ್ವಲ್ಪ ಕಣ್ಣುಮುಚ್ಚಿದ್ದಾಗ ಜೈಬುಗೆಂದು ನಾನು ಬೀರುವಿನ ಮೇಲಿನ ಹಲಗೆಯಲ್ಲಿ ಇಡಿಸಿದ್ದ ಆ ಕೆಂಪು ಪುಸ್ತಕವನ್ನು ತಾನಾಗಿಯೇ ತೆಗೆದಿದ್ದಾಳೆ. ಎರಡು ಮಧ್ಯಾಹ್ನ ಹುಡುಗಿಯ ಸದ್ದಿಲ್ಲ. ಮೂರನೆಯ ಮಧ್ಯಾಹ್ನ ಕೆನ್ನೆ ಕೆಂಪು ಮಾಡಿಕೊಂಡು ಪುಸ್ತಕ ಹಿಡಿದು ಬಂದಳು.

"ಅಜ್ಜೀ, ಎಂಥಾ ಕತೆ ಅಜ್ಜೀ ಇದು! ಆ ಬಾವೀಲಿ ಹಗ್ಗ ಎಳೆದದ್ದು ಯಾರು ಗೊತ್ತಾ? ನೀವು ಊಹಿಸೋಕೇ ಆಗಲ್ಲ, ಅದು..."

ನಾನು ಎರಡೂ ಕಿವಿಗೆ ಬೆರಳು ಹಾಕಿಕೊಂಡು, "ಹೇಳ್ಬೇಡ! ಹೇಳ್ಬೇಡ ಕಣೇ!" ಎಂದು ಕಿರಿಚಿದೆ. ಗುಂಡನೂ ರಾಮುವೂ ಅಜ್ಜಿಗೆ ಏನೋ ಆಯಿತೆಂದು ಓಡಿಬಂದರು. ಶಾರದೆ ಬಾಯಿ ತೆರೆದವಳು ಹಾಗೇ ನಿಂತಳು.

"ನೀವು ಓದೇ ಇಲ್ವಾ ಅಜ್ಜೀ? ನಿಮ್ಮ ಪುಸ್ತಕಾನೇ ಅಲ್ವಾ?"

"ನೂಲು ಎಲ್ಲಿ?" ಎಂದೆ.

ಹುಡುಗಿ ಜಾಣೆ. ಹಸಿರು ನೂಲು ಇದ್ದ ಹಾಳೆಯಲ್ಲೇ ಇತ್ತು. ಬಣ್ಣ ಮಾಸಿತ್ತು, ಅಷ್ಟೇ. ನಾನು ಆ ಹಾಳೆಯನ್ನು ಸವರಿ, ಮುಂದಿನದನ್ನು ನೋಡದೆ, ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ಏನು ಅರ್ಥವಾಯಿತೋ, ಬೀರುವಿನ ಹತ್ತಿರ ಹೋಗಿ ಬಗ್ಗಿ, ಕೆಳಗಿನ ಹಲಗೆಯಲ್ಲಿ ಗುಂಡನ ಆನೆಯ ಪುಸ್ತಕಗಳನ್ನು ಸರಿಸಿ ಜಾಗ ಮಾಡತೊಡಗಿದಳು.

"ಇಲ್ಲಿಡ್ತೀನಿ ಅಜ್ಜೀ, ನಿಮಗೆ ಎಟಕೋ ಹಾಗೆ. ಯಾವಾಗ ಬೇಕಾದ್ರೂ ಓದ್ಬೋದು."

"ಬೇಡ" ಎಂದೆ. "ಮೇಲೇ ಇಡು. ತೆಗೆಯೋಳು ಬತ್ತಾಳೆ."